ಹಾಕಿದ್ದು ಹದಿನಾರು, ದಕ್ಕಿದ್ದು ಎಂಟು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಕಂಪ್ಯೂಟರ್ ಜೋಡಿಸುವುದು ನನ್ನ ಪ್ರೀತಿಯ ಹವ್ಯಾಸ. ರ‍್ಯಾಮ್ ಸ್ಟಿಕ್ಕನ್ನು ಸ್ಲಾಟಿಗೆ ಒತ್ತಿದಾಗ ಕೊಂಡಿ ಟಕ್ಕೆಂದು ಕೂರುವ ಸದ್ದೇ ಕಿವಿಗೆ ಹಿತ. ಆದರೂ ಈ ಹವ್ಯಾಸದ ನಿಜವಾದ ರುಚಿ ಗೊತ್ತಾಗುವುದು ಏನಾದರೂ ತೊಡಕು ಬಂದಾಗಲೇ. ಎಂಟೆಂಟು ಜಿಬಿಯ ಎರಡು ಸ್ಟಿಕ್ ಹಾಕಿರುತ್ತೇವೆ. ವಿಂಡೋಸ್ ಮಾತ್ರ, ಇರುವುದು 16 ಜಿಬಿ, ಬಳಕೆಗೆ 7.9 ಜಿಬಿ ಎನ್ನುತ್ತದೆ. ನನ್ನ ಸಂಜೆ ಕಳೆಗಟ್ಟುವುದೇ ಆಗ.

ಎಷ್ಟು ಕಾಣೆಯಾಗಿದೆ ಎಂಬುದೇ ಮೊದಲ ಸುಳಿವು. ಮೂರೂಕಾಲು ಜಿಬಿಯ ಆಸುಪಾಸಿನಲ್ಲಿ ನಿಂತಿದ್ದರೆ ಅದು 32 ಬಿಟ್ ವಿಂಡೋಸ್: 2ರ 32ನೇ ಘಾತ, ಅಂದರೆ 429 ಕೋಟಿ ಚಿಲ್ಲರೆ ಬೈಟುಗಳಷ್ಟೇ ಅದರ ವಿಳಾಸಪಟ್ಟಿ; ಅದರಲ್ಲೂ ಗ್ರಾಫಿಕ್ಸ್ ಮುಂತಾದವಕ್ಕೆ ಪಾಲು ಹೋಗುತ್ತದೆ. 64 ಬಿಟ್ ಆದರೂ ವಿಂಡೋಸ್ 7 ಹೋಮ್ ಬೇಸಿಕ್ 8 ಜಿಬಿ ದಾಟುವುದಿಲ್ಲ. ಒಂದೆರಡು ಜಿಬಿ ಮಾತ್ರ ಕಡಿಮೆಯಿದ್ದರೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಅದನ್ನು ಕಾದಿರಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಸರಿಯಾಗಿ ಅರ್ಧವೇ ಮಾಯವಾಗಿದ್ದರೆ ಒಂದು ಸ್ಟಿಕ್ಕಿನ ಮೇಲೋ, ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ಹಾದಿಗಳಲ್ಲಿ ಒಂದಾದ ಚಾನೆಲ್ಲಿನ ಮೇಲೋ ಗುಮಾನಿ.

ಕೆಲಸ ಮಾಡದ ಸ್ಟಿಕ್ ಲೆಕ್ಕಕ್ಕೆ ಹೇಗೆ ಸಿಕ್ಕಿತು? ಇಲ್ಲೇ ಸೊಗಸಿರುವುದು. ಪ್ರತಿ ಸ್ಟಿಕ್ಕಿನಲ್ಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿದೆ. ತನ್ನ ಗಾತ್ರ, ವೇಗಗಳನ್ನು ಅದು ಬೇರೆಯದೇ ತಂತಿಯಲ್ಲಿ ಹೇಳುತ್ತದೆ; ದತ್ತಾಂಶ ಓಡಾಡುವ ದಾರಿ ಇನ್ನೊಂದು. ಆ ದಾರಿ ಕಡಿದಿದ್ದರೂ ಮೊದಲನೆಯದು ಮಾತಾಡುತ್ತಲೇ ಇರುತ್ತದೆ, ಹಾಜರಿ ಹೇಳಿ ಕಿಟಕಿಯಿಂದ ಜಾರಿಕೊಂಡ ಹುಡುಗನ ಹಾಗೆ.

ಮೊದಲು ಎಂಎಸ್‌ಕಾನ್ಫಿಗ್‌ನ ಬೂಟ್ ಆಯ್ಕೆಯಲ್ಲಿ ಮೆಮೊರಿಗೆ ಮಿತಿ ಬಿದ್ದಿದೆಯೇ, ಬಯಾಸಿನಲ್ಲಿ ಎರಡೂ ಸ್ಟಿಕ್ ಕಾಣುತ್ತವೆಯೇ ಎಂದು ನೋಡುತ್ತೇನೆ. ಆಮೇಲೆ ಕರೆಂಟ್ ತೆಗೆದು, ಒಂದೊಂದೇ ಸ್ಟಿಕ್ಕನ್ನು ಸ್ಲಾಟ್ ಬದಲಿಸಿ ಪರೀಕ್ಷಿಸುತ್ತೇನೆ. ದೋಷ ಸ್ಟಿಕ್ಕಿನ ಹಿಂದೆಯೇ ಹೋದರೆ ಸ್ಟಿಕ್ಕಿನದು, ಸ್ಲಾಟಿನಲ್ಲೇ ಉಳಿದರೆ ಅದರಾಚೆಯದು. ಹಾಗೆ ಉಳಿದರೆ ಪ್ರೊಸೆಸರನ್ನೇ ಬಿಚ್ಚಬೇಕು. ಮೆಮೊರಿಯ ನಿಯಂತ್ರಕವನ್ನು ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ತಮ್ಮ ಡೆಸ್ಕ್‌ಟಾಪ್ ಪ್ರೊಸೆಸರಿನೊಳಕ್ಕೆ ತಂದವು. ಅಲ್ಲಿಂದೀಚೆಗೆ ಸಾಕೆಟ್ಟಿನ ಒಂದು ಪಿನ್ ಬಾಗಿದರೂ ಒಂದು ಚಾನೆಲ್ ಪೂರ್ತಿ ಮಲಗಬಹುದು. ಕೂಲರಿನ ಸ್ಕ್ರೂಗಳ ಬಿಗಿ ಏರುಪೇರಾದರೂ ಅಷ್ಟೇ. ಈಚೆಗೆ ಜೋಡಿಸಿದ ಯಂತ್ರದಲ್ಲಿ, ನೂರಾರು ಪಿನ್ನುಗಳ ಸಾಲಿನಲ್ಲಿ ಒಂದು ಮಾತ್ರ ಟಾರ್ಚಿನ ಬೆಳಕಿಗೆ ಬೇರೆ ಬಗೆಯಲ್ಲಿ ಹೊಳೆಯಿತು. ಭೂತಗನ್ನಡಿ ಹಿಡಿದು, ಸೂಜಿಮೊನೆಯಿಂದ ಉಸಿರು ಬಿಗಿಹಿಡಿದು ಅದನ್ನು ನೆಟ್ಟಗೆ ಮಾಡಿದೆ.

ಅನುಮಾನಗಳನ್ನು ಒಂದೊಂದಾಗಿ ಕಳೆಯುತ್ತ ಹೋಗುವ ಈ ಕ್ರಮವೇ ನನಗೆ ಪ್ರಿಯ. ಇಲ್ಲಿ ಅದೃಷ್ಟಕ್ಕೆ ಕೆಲಸವಿಲ್ಲ. ತಾಳ್ಮೆಯಿಂದ ಕೇಳಿದ ಪ್ರತಿ ಪ್ರಶ್ನೆಗೂ ಯಂತ್ರ ಉತ್ತರ ಕೊಡುತ್ತದೆ. ಆ ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆ, ತಪ್ಪೊಂದೂ ಬರಲಿಲ್ಲ. ಬೆಳಿಗ್ಗೆ ವಿಂಡೋಸ್ 15.9 ಎಂದಿತು. ಉಳಿದ ಚೂರು ಫರ್ಮ್‌ವೇರಿಗೂ ಸಾಧನಗಳಿಗೂ ಸಲ್ಲಬೇಕಾದದ್ದು. ಲೆಕ್ಕ ಚುಕ್ತಾ.