ತಿಂಗಳ ಸಂಬಳ, ವರ್ಷದ ಲೆಕ್ಕ

ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಅಂತ ಎಣಿಸಿದ ಮೊದಲ ಪ್ರಾಣಿ ನಾನೇ. ಅಜ್ಜನಿಂದ ಹಿಡಿದು ಅಪ್ಪನವರೆಗೆ ಎಲ್ಲರಿಗೂ ದುಡ್ಡು ಅಂದರೆ ವರ್ಷಕ್ಕೊಮ್ಮೆ ಬರುವಂಥದ್ದು. ಶಿರಸಿ ಕಡೆಯ ಅಡಿಕೆ ತೋಟದ ಮನೆಗಳ ಕತೆಯೇ ಅಷ್ಟು. ಹಸಿ ಅಡಿಕೆ ಸುಲಿದು ಬೇಯಿಸಿದರೆ ಕೆಂಪಡಿಕೆ, ಹಣ್ಣಾಗಲು ಬಿಟ್ಟು ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸಿ ಸುಲಿದರೆ ಚಾಲಿ. ಅದು ಸೊಸೈಟಿಗೆ ಹೋಗಿ, ಟೆಂಡರಿನಲ್ಲಿ ಮಾರಾಟವಾಗಿ, ಹಳೇ ಬಾಕಿಯೆಲ್ಲ ಮುರಿದುಕೊಂಡು ಉಳಿದದ್ದು ಕೈಗೆ ಬರಬೇಕು. ಅಲ್ಲಿಯವರೆಗೆ ಅಕ್ಕಿ, ಬೇಳೆ, ಸೋಪು ಎಲ್ಲವನ್ನೂ ಸೊಸೈಟಿಯಲ್ಲಿ ಲೆಕ್ಕಕ್ಕೆ ಬರೆಸಿ ತರೋದು.

ಹಾಗಾಗಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದಾಗ, ಮಳೆ ಬರಲಿ ಬಿಡಲಿ, ತಿಂಗಳ ಕೊನೆಯ ದಿನ ಟಿಣ್ ಅಂತ ಒಂದು ಮೆಸೇಜು ಬರೋದು ನನಗೆ ಒಂಥರಾ ಪವಾಡವಾಗಿಯೇ ಕಂಡಿತ್ತು. ಮಂಗ ಹಾಳು ಮಾಡೋದಿಲ್ಲ, ಗಾಳಿಗೆ ಬೀಳೋದಿಲ್ಲ. ಎಂಥಾ ಬೆಳೆ ಮಾರಾಯ್ರೇ ಇದು!

ಆದರೆ ಈ ಬೆಳೆಗೂ ಸಿಪ್ಪೆ ಇರುತ್ತೆ, ಅದನ್ನು ಸುಲಿದ ಮೇಲೆ ಎಷ್ಟು ಉಳಿಯುತ್ತೆ ಅಂತ ನೋಡಬೇಕು. ಹೊಸದಾಗಿ ಸೇರೋ ಹುಡುಗರು ಆಫರ್ ಲೆಟರಿನ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿಬಿಡ್ತಾರೆ. ವರ್ಷಕ್ಕೆ 9 ಲಕ್ಷ ಅಂದರೆ ತಿಂಗಳಿಗೆ 75,000 ಅಂತ. ಒಂದು ಉದಾಹರಣೆ ಹಿಡಿಯೋಣ. ಅದರಲ್ಲಿ ಶೇ. 10 ವೇರಿಯಬಲ್ ಪೇ ಅಂದುಕೊಳ್ಳಿ, 7,500 ಪಕ್ಕಕ್ಕೆ. ಬೇಸಿಕ್ ಅರ್ಧ, ಅಂದರೆ 37,500. ಅದರ ಶೇ. 12ರಂತೆ ನಮ್ಮ ಪಿಎಫ್ 4,500, ಕಂಪನಿ ಕಟ್ಟೋ ಪಿಎಫ್ 4,500, ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿ ಅಂತ ಬೇಸಿಕ್ಕಿನ ಶೇ. 4.81, ಅಂದರೆ 1,800 ಚಿಲ್ಲರೆ. ಕರ್ನಾಟಕದ ವೃತ್ತಿ ತೆರಿಗೆ 200. ಎಲ್ಲ ಕಳೆದು ಕೈಗೆ ಬರೋದು ಹತ್ತಿರ ಹತ್ತಿರ 56,500. ಪಿಎಫ್ ಎಲ್ಲಿಗೂ ಹೋಗಲ್ಲ, ನಮ್ಮದೇ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಓನರ್ ಅಂಕಲ್ಲಿಗೆ ಪಿಎಫ್ ಪಾಸ್‌ಬುಕ್ ತೋರಿಸಿ ಬಾಡಿಗೆ ಕಟ್ಟೋಕಾಗಲ್ಲವಲ್ಲ :)

ಮೊದಲ ವರ್ಷ ದೀಪಾವಳಿಗೆ ಮನೆಗೆ ಹೋದಾಗ ಅಪ್ಪ ಜಗಲಿಯಲ್ಲಿ ಕೂತು ಕವಳ ಹಾಕುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ತಮಾ, ತಿಂಗಳ ದುಡ್ಡು ತಿಂಗಳಿಗೇ ಮುಗದ್ರೆ ವರ್ಷದ ಖರ್ಚಿಗೆ ಎಂತ ಮಾಡ್ತೆ?"

ನಾನು ಓದಿದ ಯಾವ ಪರ್ಸನಲ್ ಫೈನಾನ್ಸ್ ಲೇಖನವೂ ಇಷ್ಟು ಸರಿಯಾಗಿ ಕೇಳಿರಲಿಲ್ಲ. ಸಂಬಳ ತಿಂಗಳಿಗೊಮ್ಮೆ ಬರುತ್ತೆ, ಆದರೆ ಬದುಕು ತಿಂಗಳ ಲೆಕ್ಕದಲ್ಲಿ ನಡೆಯೋದಿಲ್ಲ. ಸ್ಕೂಟರಿನ ಇನ್ಶೂರೆನ್ಸ್ ವರ್ಷಕ್ಕೊಮ್ಮೆ. ಅಪ್ಪ ಅಮ್ಮನ ಆರೋಗ್ಯ ವಿಮೆ ವರ್ಷಕ್ಕೊಮ್ಮೆ. ಮನೆ ಕರಾರು 11 ತಿಂಗಳಿಗೆ (ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ, ಅದಕ್ಕೇ ಈ 11ರ ಮಹಿಮೆ), ಅದು ಮುಗಿದಾಗ ಬಾಡಿಗೆ ಏರಿಕೆ. ಚೌತಿ, ದೀಪಾವಳಿಗೆ ಬಸ್ಸಿನವರು ಕೇಳಿದಷ್ಟು ಕೊಡಬೇಕು. ಇವು ಯಾವುವೂ ಆಕಸ್ಮಿಕ ಅಲ್ಲ. ಪಂಚಾಂಗದಲ್ಲಿ ಇದ್ದಂಥವೇ. ಬಂದಾಗ ಮಾತ್ರ "ಅಯ್ಯೋ, ಈ ತಿಂಗಳು ಖರ್ಚು ಜಾಸ್ತಿ ಆಯ್ತು" ಅಂತೀವಿ.

ಅಪ್ಪನದು ಉಲ್ಟಾ ದಾರಿ. ವರ್ಷದ ದುಡ್ಡು ಬಂದ ದಿನವೇ ಅವರ ಕಿರ್ದಿ ಪುಸ್ತಕದಲ್ಲಿ ಹಂಚಿಕೆಯಾಗುತ್ತೆ. ಮಳೆಗಾಲಕ್ಕೆ ಮೊದಲು ಕೊನೆಗಳಿಗೆ ಔಷಧ ಹೊಡೆಸಲು ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ ಮೊದಲು. ತೋಟಕ್ಕೆ ಗೊಬ್ಬರ ಆಮೇಲೆ. ಆಮೇಲೆ ದೇವಕಾರ್ಯ, ಮದುವೆ ಮುಂಜಿಯ ಉಡುಗೊರೆ. ಉಳಿದದ್ದು ಮನೆಗೆ.

ನಾನು ಅದನ್ನೇ ಎಕ್ಸೆಲ್ ಶೀಟಿಗೆ ಇಳಿಸಿದೆ. ವಿಮೆ 36,000, ಸ್ಕೂಟರು 8,000, ಊರಿಗೆ ಹೋಗಿಬರಲು 12,000, ಹಬ್ಬ ಮದುವೆ ಉಡುಗೊರೆ 16,000, ಫೋನು, ಲ್ಯಾಪ್‌ಟಾಪು, ಹಲ್ಲು ಅಂತ ಯಾವಾಗ ಕೈಕೊಡುತ್ತೋ ಗೊತ್ತಿಲ್ಲದವಕ್ಕೆ 24,000. ಒಟ್ಟು 96,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000. ಸಂಬಳ ಬಂದ ಮಾರನೇ ದಿನವೇ ಅಷ್ಟು ಬೇರೆ ಖಾತೆಗೆ ಹೋಗುತ್ತೆ. ಆ ಖಾತೆಯ ಡೆಬಿಟ್ ಕಾರ್ಡು ಬೀರುವಿನಲ್ಲಿದೆ, ಯುಪಿಐಗೆ ಜೋಡಿಸಿಲ್ಲ. ಅದಕ್ಕೆ ನಾನಿಟ್ಟ ಹೆಸರು ಕಣಜ.

ಇನ್ನೊಂದು ವಿಷಯ ಹೇಳ್ತೀನಿ, ಇದು ನನ್ನದೇ ಸಂಶೋಧನೆ. ಎಲ್ಲರೂ ತಿಂಗಳಿಗೆ ನಾಲ್ಕು ವಾರ ಅಂತ ಖರ್ಚನ್ನು ನಾಲ್ಕು ಪಾಲು ಮಾಡ್ತಾರೆ. ಹನ್ನೆರಡು ನಾಲ್ಕಲಿ ನಲವತ್ತೆಂಟು. ವರ್ಷಕ್ಕೆ 52 ವಾರ. ಉಳಿದ ನಾಲ್ಕು ವಾರ ಯಾರ ಲೆಕ್ಕದಲ್ಲಿ? ಫೆಬ್ರವರಿ ಬಿಟ್ಟರೆ ಪ್ರತಿ ತಿಂಗಳ ಬಾಲದಲ್ಲೂ ಎರಡೋ ಮೂರೋ ಅನಾಥ ದಿನಗಳಿರುತ್ತವಲ್ಲ, ಅವೇ ಕೂಡಿದರೆ ಆ ನಾಲ್ಕು ವಾರ. "ತಿಂಗಳ ಕೊನೆ" ಅಂತ ನಾವು ಗೋಳಾಡೋದು ಅವನ್ನೇ. ಅದಕ್ಕೇ ನಾನು ವಾರ ಬಿಟ್ಟು ದಿನದ ಲೆಕ್ಕ ಹಿಡಿದೆ. ಬಾಡಿಗೆ, ಕರೆಂಟು, ಕಣಜ, ಮನೆಗೆ ಕಳಿಸೋದು ಎಲ್ಲ ಕಳೆದು ಉಳಿದದ್ದನ್ನು ಮುಂದಿನ ಸಂಬಳಕ್ಕೆ ಎಷ್ಟು ದಿನ ಇದೆಯೋ ಅಷ್ಟರಿಂದ ಭಾಗಿಸೋದು. ಒಂದು ದಿನ ಹೋಟೆಲಿಗೆ ಹೋದರೆ ಮರುದಿನದ ಅಂಕಿ ಸ್ವಲ್ಪ ಇಳಿಯುತ್ತೆ, ಅಷ್ಟೇ. ಬೈಯೋರು ಯಾರೂ ಇಲ್ಲ.

ಆ ಅನಾಥ ದಿನಗಳಲ್ಲೇ ಕ್ರೆಡಿಟ್ ಕಾರ್ಡಿನವರು ಪ್ರೀತಿಯಿಂದ ಫೋನ್ ಮಾಡೋದು. "ಸರ್, ಮಿನಿಮಮ್ ಡ್ಯೂ ಕಟ್ಟಿದ್ರೆ ಸಾಕು" ಅಂತಾರೆ. ಉಳಿದದ್ದಕ್ಕೆ ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ ಕೇಳೋಕೆ ಸಣ್ಣದು, ವರ್ಷಕ್ಕೆ ಶೇ. 42. ಊರಲ್ಲಿ ಇಂಥ ಬಡ್ಡಿ ತಗೊಳ್ಳೋರ ಮನೆ ಮುಂದೆ ಹಾದು ಹೋಗುವಾಗ ನಮ್ಮಜ್ಜಿ ಮುಖ ತಿರುಗಿಸ್ತಿದ್ದರು.

ಸಂಬಳ ಅನ್ನೋ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಶಂಬಲ ಅಂದರೆ ದಾರಿಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಡೋ ಊಟ. ಮುಂದಿನ ಊರು ಮುಟ್ಟೋವರೆಗೆ ಸಾಲಬೇಕು, ಅದಕ್ಕೇ ಬುತ್ತಿಯನ್ನು ಯಾರೂ ಹೊರಟ ಕೂಡಲೇ ಖಾಲಿ ಮಾಡಲ್ಲ.

ಇಷ್ಟೆಲ್ಲ ಲೆಕ್ಕ ನಿಜಕ್ಕೂ ಕೆಲಸಕ್ಕೆ ಬಂದದ್ದು 2024ರಲ್ಲಿ. ಆ ಮಳೆಗಾಲ ನಮ್ಮ ತೋಟಕ್ಕೆ ಕೊಳೆರೋಗ ಬಂತು. ಅಪ್ಪ ಔಷಧ ಹೊಡೆಸಿದ್ದರು. ಎರಡನೇ ಸಲ ಹೊಡೆಸೋಕೆ ಮಳೆ ಬಿಡುವೇ ಕೊಡಲಿಲ್ಲ. ಎಳೇ ಅಡಿಕೆ ಬುಡದಲ್ಲಿ ಹಾಸಿದಂತೆ ಉದುರಿತು. ಅರ್ಧ ಬೆಳೆ ಹೋಯಿತು. ಅಮ್ಮ ಫೋನಲ್ಲಿ ಹೇಳಿದ್ದು, ಅಪ್ಪ ಆ ವಿಷಯ ಎತ್ತಲೇ ಇಲ್ಲ. ತಂಗಿಯ ಕಾಲೇಜು ಫೀಸು ಕಟ್ಟೋ ಕೊನೇ ದಿನ ಹತ್ತಿರ ಬಂದಿತ್ತು. ಕಣಜದಿಂದ 60,000 ತೆಗೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಅಪ್ಪನ ಫೋನು. ಯಾಕೆ ಕಳಿಸಿದೆ ಅಂತ ಕೇಳಲಿಲ್ಲ. "ಅಡ್ಡಿಲ್ಲೆ. ಇದು ಕೈಗಡ. ಅಡಕೆ ಕೊಟ್ಟ ಮೇಲೆ ವಾಪಸ್ ಕೊಡ್ತಿ" ಅಂದರು. ಮಗ ಅಪ್ಪನಿಗೆ ಕೊಡೋದಕ್ಕೂ ಕೈಗಡ ಅಂತಾರಾ ಅಂತ ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವರು ಮಳೆ ವಿಷಯಕ್ಕೆ ಹೊರಳಿದರು.

ಆ ಸಲ ದೀಪಾವಳಿಗೆ ಹೋದಾಗ ಕಿರ್ದಿ ಪುಸ್ತಕ ತೆಗೆದು ನೋಡಿದೆ. ಸೊಸೈಟಿ ಬಾಕಿ, ಗೊಬ್ಬರದ ಅಂಗಡಿ ಬಾಕಿ, ಅದರ ಕೆಳಗೆ ನನ್ನ ಹೆಸರು, 60,000. ಹೆಸರಿನ ಹಿಂದೆ "ಚಿ." ಅಂತ ಬೇರೆ ಸೇರಿಸಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಪುಸ್ತಕ ಮುಚ್ಚಿಟ್ಟೆ. ನನ್ನ ಓದಿಗೆ ಅವರು ಹಾಕಿದ ದುಡ್ಡನ್ನು ಆ ಪುಸ್ತಕದ ಹಳೇ ಸಂಪುಟಗಳಲ್ಲಿ ಹುಡುಕಿದೆ. ಅದನ್ನು ಯಾರ ಹೆಸರಿಗೂ ಬರೆದಿಲ್ಲ. ಬರೀ "ಖರ್ಚು" ಅಂತ ಇದೆ.

2025ರ ಮೇ ತಿಂಗಳಲ್ಲಿ ಚಾಲಿ ಕೊಟ್ಟು ಬಂದ ದಿನ ನನ್ನ ಖಾತೆಗೆ 20,000 ಬಂತು. ವಾಪಸ್ ಕಳಿಸೋಣ ಅಂತ ಫೋನ್ ತೆಗೆದವನು ಸುಮ್ಮನಾದೆ. ಅವರ ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾಗಿರುತ್ತೆ, ಅದರ ನೆಮ್ಮದಿಯನ್ನು ಕಿತ್ತುಕೊಳ್ಳೋಕೆ ನಾನ್ಯಾರು? ಆ ದುಡ್ಡನ್ನು ಕಣಜಕ್ಕೇ ಹಾಕಿ, ಅವರ ಆರೋಗ್ಯ ವಿಮೆಯ ಕವರೇಜ್ ಜಾಸ್ತಿ ಮಾಡಿಸಿದೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಅದನ್ನೂ ಬರೆದುಕೊಳ್ತಾರೆ.