ಅಜ್ಜಿಯ ಕೌದಿ, ಯೋಸೇಫನ ಕೋಟು

ಧಾರವಾಡದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಅವನಿಗೆ ಸಿಕ್ಕಿದ್ದು ಇಸ್ಸಾಕಾರನ ಪಾತ್ರ. ಯಾಕೋಬನ ಹನ್ನೆರಡು ಗಂಡುಮಕ್ಕಳಲ್ಲಿ ಒಂಬತ್ತನೆಯವನು. ಮಾತಿಲ್ಲ, ಗುಂಪಿನಲ್ಲಿ ನಿಂತು ಯೋಸೇಫನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಆಯಿತು. ಅದಕ್ಕೆ ನಟಿಸುವುದೇನೂ ಬೇಕಿರಲಿಲ್ಲ. ಯೋಸೇಫನಾದ ಹುಡುಗ ತೊಟ್ಟಿದ್ದ ಬಣ್ಣದ ಕೋಟು, ಇವನು ಹೊದೆಯುತ್ತಿದ್ದ ಕೌದಿಯನ್ನೇ ಬಿಚ್ಚಿ ಅಜ್ಜಿ ಹೊಲಿದು ಕೊಟ್ಟದ್ದು!

ಆ ಆಟ ಹುಟ್ಟಿದ್ದೂ ಶಾಲೆಯಲ್ಲೇ ಎಂದು ಅವನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಲಂಡನ್ನಿನ ಕೋಲೆಟ್ ಕೋರ್ಟ್ ಶಾಲೆಯ ಸಂಗೀತದ ಮೇಷ್ಟ್ರು ಅಲನ್ ಡಾಗೆಟ್ ಅವರಿಗೆ ಹುಡುಗರು ಹಾಡುವಂಥ ಹೊಸದೇನಾದರೂ ಬೇಕಿತ್ತು. ಇಪ್ಪತ್ತು ತುಂಬದ ಆಂಡ್ರ್ಯೂ ಲಾಯ್ಡ್ ವೆಬರ್ ರಾಗ ಹಾಕಿದ, 23ರ ಟಿಮ್ ರೈಸ್ ಹಾಡು ಕಟ್ಟಿದ. ಕಥೆ ಬೈಬಲಿನ ಆದಿಕಾಂಡದ್ದು: ಅಪ್ಪನ ಮುದ್ದಿನ ಮಗನನ್ನು ಅಣ್ಣಂದಿರು ಮಾರುತ್ತಾರೆ, ಕನಸುಗಳ ಅರ್ಥ ಹೇಳಿ ಅವನು ಈಜಿಪ್ಟಿನಲ್ಲಿ ದೊಡ್ಡವನಾಗುತ್ತಾನೆ. 1968ರ ಮಾರ್ಚ್ 1ರಂದು ಹೆತ್ತವರ ಮುಂದೆ ಹಾಡಿದ ‘ಜೋಸೆಫ್ ಅಂಡ್ ದಿ ಅಮೇಜಿಂಗ್ ಟೆಕ್ನಿಕಲರ್ ಡ್ರೀಮ್‌ಕೋಟ್’ ಸುಮಾರು ಕಾಲು ಗಂಟೆಯಲ್ಲಿ ಮುಗಿದಿತ್ತು. ಆಟಕ್ಕಿಂತ ಹೆಸರೇ ಉದ್ದ.

ಆಮೇಲೆ ತೇಪೆಯ ಮೇಲೆ ತೇಪೆ.

ಮೇ ತಿಂಗಳಲ್ಲಿ ವೆಬರ್‌ನ ಅಪ್ಪ ಆರ್ಗನ್ ನುಡಿಸುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲ್‌ನಲ್ಲಿ ಎರಡನೇ ಪ್ರದರ್ಶನ. ಅಲ್ಲಿ ಕೂತಿದ್ದ ಡೆರೆಕ್ ಜುವೆಲ್, ವಿದ್ಯಾರ್ಥಿಯೊಬ್ಬನ ಅಪ್ಪನೂ ಹೌದು, ‘ಸಂಡೇ ಟೈಮ್ಸ್’ನ ವಿಮರ್ಶಕನೂ ಹೌದು; ಮೆಚ್ಚಿ ಬರೆದ. ನವೆಂಬರಿನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್ ಸೇರುವಷ್ಟರಲ್ಲಿ ಆಟ ಅರ್ಧ ಗಂಟೆ ದಾಟಿತ್ತು. 1972ರಲ್ಲಿ ಯಂಗ್ ವಿಕ್ ತಂಡದ ಫ್ರಾಂಕ್ ಡನ್‌ಲಪ್ ಎಡಿನ್‌ಬರೊದಲ್ಲಿ ರಂಗಕ್ಕೇರಿಸಿದರು. ಮರುವರ್ಷ ಲಂಡನ್ನಿನಲ್ಲಿ ಟಿಕೆಟ್ಟಿಗೆ ತಕ್ಕ ಆಟ ಆಗಲೆಂದು ‘ಜೇಕಬ್ಸ್ ಜರ್ನಿ’ ಎಂಬ ಪೂರ್ವಭಾಗವನ್ನೂ ಹೊಲಿದರು, ಹೊಂದಲಿಲ್ಲ, ಕಿತ್ತೆಸೆದರು. ಬದಲಿಗೆ ಜೋಸೆಫನನ್ನೇ ಹಿಗ್ಗಿಸಿದರು. 1982ರಲ್ಲಿ ಬ್ರಾಡ್‌ವೇ ತಲುಪಿ 747 ಪ್ರದರ್ಶನ ಕಂಡಿತು.

ಸಂಗೀತವೂ ಕೌದಿಯೇ. ಫರೋಹ ಎಲ್ವಿಸ್ ಪ್ರೆಸ್ಲಿಯ ಹಾಗೆ ಸೊಂಟ ಕುಣಿಸುತ್ತಾನೆ. ಅಣ್ಣಂದಿರು ಒಮ್ಮೆ ಕೌಬಾಯ್‌ಗಳ ಧಾಟಿಯಲ್ಲಿ ಸುಳ್ಳು ಶೋಕ ಹಾಡಿದರೆ, ಬರಗಾಲ ಬಂದಾಗ ಪ್ಯಾರಿಸ್ಸಿನ ಹೋಟೆಲಿನಲ್ಲಿ ಕೂತವರಂತೆ ಹಳಹಳಿಸುತ್ತಾರೆ. ತಮಾಷೆಯೆಂದರೆ, ಮೂಲ ಹೀಬ್ರೂವಿನಲ್ಲಿ ಆ ಅಂಗಿ ಬಣ್ಣದ್ದೇ ಎಂಬುದಕ್ಕೆ ಖಾತ್ರಿಯಿಲ್ಲ. ಉದ್ದ ತೋಳಿನ ನಿಲುವಂಗಿ ಇರಬೇಕೆನ್ನುವ ಪಂಡಿತರಿದ್ದಾರೆ. ಬಣ್ಣ ಹತ್ತಿದ್ದು ಗ್ರೀಕ್ ಅನುವಾದದಲ್ಲಿ.

ಅಜ್ಜಿಯ ಕೋಟಿಗೆ ಬಣ್ಣದ ಕೊರತೆ ಇರಲಿಲ್ಲ: ಇಳಕಲ್ ಸೀರೆಯ ಸೆರಗು, ಅಜ್ಜನ ರುಮಾಲು, ಯಾರದೋ ಕುಪ್ಪಸ. ಅಣ್ಣಂದಿರು ಅದನ್ನು ಮೇಕೆಯ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸುವ ದೃಶ್ಯದಲ್ಲಿ ಬೀಟ್‌ರೂಟ್ ರಸದ ಬೋಗುಣಿ ಹಿಡಿದವನು ಇಸ್ಸಾಕಾರನೇ. ನಾಲ್ಕು ಹನಿ ಚಿಮುಕಿಸೆಂದು ಹೇಳಿದ್ದರು. ಇವನು ಬೋಗುಣಿಯನ್ನೇ ಬೋರಲು ಹಾಕಿದ. ಯಾಕೋಬನಿಗಿಂತ ಮೊದಲು ಎದ್ದು ನಿಂತವಳು ಮುಂದಿನ ಸಾಲಿನ ಅಜ್ಜಿ: “ಏ ಖೋಡಿ, ಅದು ನಿಮ್ಮಜ್ಜನ ರುಮಾಲಲೇ!”

ಮೂರು ಸಲ ಒಗೆದರೂ ಕಲೆ ಹೋಗಲಿಲ್ಲ. ಅಜ್ಜಿ ಕೋಟು ಬಿಚ್ಚಿ ಮತ್ತೆ ಕೌದಿ ಹೊಲಿದಳು, ಕಲೆಯ ತುಂಡನ್ನು ನಟ್ಟನಡುವೆ ಇಟ್ಟು. ಈಗ ಅದು ಅವನ ಮಗಳ ಮಂಚದ ಮೇಲಿದೆ. ಆ ಕಂದುಗೆಂಪು ಏನೆಂದು ಅವಳು ಕೇಳಿದಾಗೆಲ್ಲ ಅವನು ಮೇಕೆಯದೆನ್ನುತ್ತಾನೆ.