ದುರ್ಗದ ಚಳಿಗೆ ಮುನಿದ ಕಾರು

ಚಿತ್ರದುರ್ಗ ಎಂದೊಡನೆ ನಿಮಗೆಲ್ಲ ಓಬವ್ವನ ಒನಕೆ ನೆನಪಾಗುತ್ತದೆ, ಅಲ್ಲವೇ? ಏಳು ಸುತ್ತಿನ ಕೋಟೆ, ಮದಕರಿನಾಯಕ, ಚಂದ್ರವಳ್ಳಿ ಇವುಗಳ ಬಗ್ಗೆ ಓದದವರು ಯಾರು? ಆದರೆ ದುರ್ಗದ ಸೀಮೆಯನ್ನು ಸ್ವಂತ ಕಾರಿನಲ್ಲಿ ಸುತ್ತಬೇಕೆನ್ನುವ ಸೋದರಿಯರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಇಲ್ಲಿ ಮಧ್ಯಾಹ್ನ ಎಷ್ಟೇ ಬಿಸಿಲಿರಲಿ, ಜನವರಿಯ ಬೆಳಗಿನ ಚಳಿ ಗಡಗಡ ನಡುಗಿಸುತ್ತದೆ. ನಮ್ಮನ್ನಷ್ಟೇ ಅಲ್ಲ, ಕಾರನ್ನೂ!

2025ರ ಜನವರಿಯಲ್ಲಿ ಮಾರಿಕಣಿವೆ ತುಂಬಿ ಕೋಡಿ ಬಿದ್ದಿತು. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇದು. 1933ರಲ್ಲಿ ಕೋಡಿ ಬಿದ್ದ ಮೇಲೆ 2022ರವರೆಗೆ ಜನ ಕಾದಿದ್ದರು. ಹೊಸದುರ್ಗದ ಕಡೆ ಹುಟ್ಟಿದ ನಮ್ಮತ್ತೆಗೆ ಈಗ 78 ವರ್ಷ. "ಕಣ್ಣು ಕಾಣೋವಾಗ್ಲೇ ಒಂದ್ಸಲ ತೋರಿಸ್ಬಿಡೇ ತಾಯಿ" ಎಂದರು. ಹೊರಟೆವು.

ಮೊದಲ ರಾತ್ರಿ ಚಿತ್ರದುರ್ಗದಲ್ಲಿ ತಂಗಿದೆವು. ಬೆಳಿಗ್ಗೆ ನಮ್ಮ ಯಜಮಾನರು ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟೇನೋ ಆಯಿತು, ಆದರೆ ಚಳಿಜ್ವರ ಬಂದವರಂತೆ ನಡುಗಿ ನಿಂತುಬಿಟ್ಟಿತು. ಮೂರನೇ ಸಲಕ್ಕೆ ಹೇಗೋ ಉಸಿರು ಹಿಡಿಯಿತು. ಎರಡು ನಿಮಿಷವಾದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು. ಹತ್ತಿರದ ಗ್ಯಾರೇಜಿನವರು ನೋಡಿ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಎಂದರು. ಹೊಸ ಬ್ಯಾಟರಿಯೆಂದರೆ ಸಾವಿರಗಟ್ಟಲೆ ರೂಪಾಯಿ. ನಾನು ಬೇಡವೆಂದೆ. ಬ್ಯಾಟರಿ ಸೋತಿದ್ದರೆ ಕೀಲಿ ತಿರುಗಿಸಿದಾಗ ಎಂಜಿನ್ ಎಳೆದೆಳೆದು ತಿರುಗುತ್ತದೆ, ದೀಪ ಮಂಕಾಗುತ್ತದೆ. ನಮ್ಮದು ಚುರುಕಾಗಿಯೇ ತಿರುಗುತ್ತಿತ್ತು, ದೀಪವೂ ಪ್ರಕಾಶವಾಗಿತ್ತು.

ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಹೊಳಲ್ಕೆರೆ ಸೇರಿದೆವು. ತಲೆಯ ಮೇಲೆ ಸೂರಿಲ್ಲದ ಬಯಲು ಗಣಪತಿಗೆ ಕಾಯಿ ಒಡೆಸಿ, ಬುತ್ತಿ ಬಿಚ್ಚಿ ಉಂಡು, ಎರಡು ಗಂಟೆ ಬಿಟ್ಟು ಹೊರಟಾಗ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಂದರೆ ರಾತ್ರಿಯಿಡೀ ತಣ್ಣಗಾದರೆ ಮಾತ್ರ ಅದಕ್ಕೆ ಮುನಿಸು! ಇದನ್ನು ಡೈರಿಯಲ್ಲಿ ಬರೆದಿಟ್ಟೆ.

ಹೊಸದುರ್ಗದ ತೆಂಗಿನ ತೋಟಗಳ ನಡುವೆ, ನೆಂಟರ ಮನೆಯಲ್ಲಿ ಎರಡನೆಯ ರಾತ್ರಿ. ಬೆಳಿಗ್ಗೆ ಮತ್ತೆ ಅದೇ ನಡುಕ. ಈ ಸಲ ಕೀಲಿಯನ್ನು ಅರ್ಧ ತಿರುಗಿಸಿ, ಪೆಟ್ರೋಲ್ ಪಂಪಿನ 'ಗುಂಯ್' ಸದ್ದು ನಿಲ್ಲುವವರೆಗೆ ಕಾದು, ಎರಡು ಸಲ ಹಾಗೆ ಮಾಡಿ ಸ್ಟಾರ್ಟ್ ಮಾಡಿಸಿದೆ. ವ್ಯತ್ಯಾಸವಾಗಲಿಲ್ಲ. ರಾತ್ರಿ ಪೆಟ್ರೋಲಿನ ಒತ್ತಡ ಇಳಿಯುವುದೇ ಕಾರಣವಾಗಿದ್ದರೆ ಇದರಿಂದ ಸ್ವಲ್ಪವಾದರೂ ಗುಣ ಕಾಣಬೇಕಿತ್ತು. ಹೊಗೆ ನೋಡಿದೆ: ಕಪ್ಪೂ ಇಲ್ಲ, ನೀಲಿಯೂ ಇಲ್ಲ. ಯಜಮಾನರು, "ದಾರೀಲಿ ನಿಂತ್ರೆ ಅಮ್ಮನ್ನ ಏನು ಮಾಡೋದು? ವಾಪಸ್ ಹೋಗೋಣ" ಎಂದರು. ಅತ್ತೆ ಮಾತಾಡಲಿಲ್ಲ, ಸೆರಗಿನ ತುದಿ ಸುತ್ತುತ್ತಾ ಕುಳಿತರು. ಆ ಮುಖ ನೋಡಿ ಹಿಂದಿರುಗಲು ನನಗೆ ಮನಸ್ಸು ಬರಲಿಲ್ಲ. "ಹಿರಿಯೂರಲ್ಲಿ ತೋರಿಸೋಣ" ಎಂದೆ.

ಹಿರಿಯೂರಿನ ಮೆಕ್ಯಾನಿಕ್ ಹುಡುಗ ನನ್ನ ಡೈರಿಯ ಮಾತನ್ನೆಲ್ಲ ಕೇಳಿ, "ಅಮ್ಮಾ, ಬಿಸಿ ಎಂಜಿನ್‌ನಲ್ಲಿ ಈ ಕಾಯಿಲೆ ಕಾಣಲ್ಲ. ರಾತ್ರಿ ಇಲ್ಲೇ ಬಿಟ್ಟು ಹೋಗಿ" ಎಂದ. ನಾವು ತೇರುಮಲ್ಲೇಶ್ವರನ ದರ್ಶನ ಮಾಡಿ ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ ಹೋದಾಗ ಅವನು ಕಾರಿಗೆ ಸ್ಕ್ಯಾನರ್ ಜೋಡಿಸಿ ತೋರಿಸಿದ. ಹೊರಗಿನ ಗಾಳಿ 16 ಡಿಗ್ರಿ, ಎಂಜಿನ್ ನೀರು 70 ಡಿಗ್ರಿ! ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನೀರಿನ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿತ್ತು.

ಇದು ನಮಗೆ ಗೊತ್ತಿರುವ ವಿಷಯವೇ. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಸ್ವಲ್ಪ ಹೆಚ್ಚು ಹಾಕುತ್ತೇವಲ್ಲ? ಹಾಗೆಯೇ ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಹೆಚ್ಚು ಬಿಡಬೇಕು. ಹಿಂದಿನ ಕಾರುಗಳಲ್ಲಿ ಚೋಕ್ ಎಳೆಯುತ್ತಿದ್ದದ್ದು ಇದಕ್ಕೇ. ಈಗ ಸೆನ್ಸರ್ ನೋಡಿ ಕಂಪ್ಯೂಟರ್ ತಾನೇ ಬಿಡುತ್ತದೆ. ಸೆನ್ಸರ್ ಬೇಸಿಗೆಯೆಂದು ಸುಳ್ಳು ಹೇಳಿದರೆ ಹೆಪ್ಪು ಕಡಿಮೆಯಾಗುತ್ತದೆ, ಮೊಸರು ಕೂರುವುದಿಲ್ಲ! ಆ ಚಿಕ್ಕ ಸೆನ್ಸರ್ ಬದಲಿಸಿ, ಅದರ ವೈರಿನ ತುದಿಯ ಕಿಲುಬು ತೆಗೆದ. ಬ್ಯಾಟರಿಯ ಬೆಲೆಗೆ ಹೋಲಿಸಿದರೆ ಆದ ಖರ್ಚು ತೀರಾ ಕಡಿಮೆ.

ನಿಮ್ಮ ಮನೆಯ ಕಾರೂ ಬೆಳಿಗ್ಗೆ ಮುನಿದರೆ ಹೀಗೆ ಮಾಡಿ: ಎಂಜಿನ್ ನಿಧಾನವಾಗಿ ತಿರುಗುತ್ತದೋ ಚುರುಕಾಗಿಯೋ ಕೇಳಿಸಿಕೊಳ್ಳಿ. ಹೊಗೆಯ ಬಣ್ಣ, ಎಷ್ಟು ನಿಮಿಷದಲ್ಲಿ ಸರಿಹೋಗುತ್ತದೆ, ಮಧ್ಯಾಹ್ನವೂ ಹಾಗಾಗುತ್ತದೆಯೇ ಎಂಬುದನ್ನು ಬರೆದಿಡಿ. ಬ್ಯಾಟರಿ ತುದಿಯ ಬಿಳಿ ಹುಡಿ, ಧೂಳು ಹಿಡಿದ ಏರ್ ಫಿಲ್ಟರ್, ಸವೆದ ಸ್ಪಾರ್ಕ್ ಪ್ಲಗ್ಗುಗಳನ್ನು ಮೊದಲು ನೋಡಿಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಮುಚ್ಚಿದ ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡಿ ಬಿಡಬೇಡಿ, ಆ ಹೊಗೆ ಪ್ರಾಣಕ್ಕೇ ಅಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಡಿ.

ಹಿರಿಯೂರಿನಿಂದ ಮಾರಿಕಣಿವೆ ಸುಮಾರು 20 ಕಿಲೋಮೀಟರ್. ಎರಡು ಗುಡ್ಡಗಳ ನಡುವಿನ ಕಟ್ಟೆಯ ಹಿಂದೆ ಕಣ್ಣು ಹಾಯುವಷ್ಟೂ ನೀರು. ಅತ್ತೆ ಅರಿಶಿನ ಕುಂಕುಮ ಹಾಕಿ ಬಹಳ ಹೊತ್ತು ಕೈಮುಗಿದು ನಿಂತರು. ನೀವೂ ಒಮ್ಮೆ ಹೋಗಿಬನ್ನಿ. ಹೊರಡುವ ಹಿಂದಿನ ದಿನ ಬುತ್ತಿಯ ಜೊತೆಗೆ ಕಾರನ್ನೂ ಒಂದಿಷ್ಟು ನೋಡಿಕೊಳ್ಳಿ, ಅಷ್ಟೇ!